ಸುರುಳಿಗೀರಿಲ್ಲದ ಎನ್‌ಫೀಲ್ಡ್: ಒಂದು ನಳಿಗೆಯ ಕಾಲನಿರ್ಣಯ

ಕೊಬ್ಬು ಸವರಿದ ತೋಟಾದ ಕಥೆಯನ್ನು ಶಾಲೆಯ ದಿನಗಳಿಂದಲೇ ಬಲ್ಲ ವಾಚಕರಿಗೆ ಎನ್‌ಫೀಲ್ಡ್ ರೈಫಲ್ಲಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಆದರೆ ಆ ಹೆಸರನ್ನು ಹೊತ್ತು ನಮ್ಮ ಖಾಸಗಿ ಸಂಗ್ರಹಗಳಲ್ಲಿಯೂ ಹಳೆಯ ಮನೆತನಗಳ ಗೋಡೆಗಳ ಮೇಲೆಯೂ ಪೂಜ್ಯಸ್ಥಾನವನ್ನು ಪಡೆದಿರುವ ಆಯುಧಗಳಲ್ಲಿ ನಿಜವಾಗಿಯೂ ರೈಫಲ್ಲುಗಳೆಷ್ಟು ಎಂದು ವಿಚಾರಿಸಿದವರು ವಿರಳ. ಕೊಡಗಿನ ಐನ್‌ಮನೆಯೊಂದರಲ್ಲಿರುವ ಮೂರು ಕಟ್ಟಿನ ನೀಳವಾದ ಕೇಪಿನ ಕೋವಿಯನ್ನು ಪರಿಶೀಲಿಸಿದ ಹಿರಿಯ ಸಂಗ್ರಾಹಕರೊಬ್ಬರು, ಅದು 1857ರಲ್ಲಿ ಸಿಪಾಯಿಗಳು ಮುಟ್ಟಲೊಲ್ಲದೆ ಹೋದ ರೈಫಲ್ಲೇ ಎಂದು ನಿರ್ಣಯಿಸಿ, ಆ ನಿರ್ಣಯಕ್ಕೆ ಆಧಾರವಾಗಿ ಪಕ್ಕದ ತಗಡಿನ ಮೇಲೆ 1856 ಎಂಬ ಇಸವಿ ಇರುವುದನ್ನು ತೋರಿಸಿದರು. ನಳಿಗೆಯ ಒಳಗೆ ಸುರುಳಿಗೀರುಗಳು ಕಾಣದಿರುವುದಕ್ಕೆ ದೀರ್ಘಕಾಲದ ಸವೆತವೂ, ಗುರಿ ನೋಡುವ ಪಟ್ಟಿಯ ಸ್ಥಾನದಲ್ಲಿ ಮೊಂಡಾದ ಕಬ್ಬಿಣದ ತುಂಡಿರುವುದಕ್ಕೆ ಯಾವನೋ ಹಳ್ಳಿಯ ಕಮ್ಮಾರನ ಕೈವಾಡವೂ ಕಾರಣವೆಂದು ಅವರ ವಾದ. ಇವುಗಳಲ್ಲಿ ಇಸವಿಯ ಮಾತೊಂದು ಸತ್ಯ. ಉಳಿದೆರಡು ಮಾತುಗಳು ಲೋಹದ ಸಾಕ್ಷ್ಯಕ್ಕೆ ವಿರುದ್ಧವಾದವು. ಅವರ ಲೇಖನವನ್ನೇ ಪ್ರಮಾಣವಾಗಿ ಹಿಡಿದು ತರುವಾಯದವರು ಒಬ್ಬರಾದ ಮೇಲೊಬ್ಬರು ಅದೇ ಮಾತನ್ನು ಪುನರುಚ್ಚರಿಸುತ್ತ ಬಂದಿರುವುದರಿಂದ, ಈ ಒಂದು ನಳಿಗೆಯ ವಿಚಾರವನ್ನು ಸಾವಧಾನವಾಗಿ ಪರೀಕ್ಷಿಸುವುದು ಅವಶ್ಯವಾಗಿದೆ.

ಕೋವಿಯ ಬಾಹ್ಯರೂಪದ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ. 39 ಅಂಗುಲದ ನಳಿಗೆ, ಅದನ್ನು ಅಕ್ರೋಟಿನ ಮರಕ್ಕೆ ಬಿಗಿದಿರುವ ಮೂರು ಕಬ್ಬಿಣದ ಕಟ್ಟುಗಳು, ಹಿಡಿಯ ತುದಿಗೆ ಹೊದಿಸಿದ ಹಿತ್ತಾಳೆಯ ತಗಡು, ಕುದುರೆಯ ಸುತ್ತಲಿನ ಹಿತ್ತಾಳೆಯ ಬಳೆ, ಇವೆಲ್ಲವೂ 1853ರ ಮಾದರಿಯನ್ನು ಸಂದೇಹಕ್ಕೆಡೆಯಿಲ್ಲದಂತೆ ಸೂಚಿಸುತ್ತವೆ. ಪಕ್ಕದ ತಗಡಿನ ಮೇಲೆ ಕಿರೀಟದ ಮುದ್ರೆ, ‘ಟವರ್’ ಎಂಬ ಅಕ್ಷರಗಳು, ಅವುಗಳ ಮೇಲೆ ಇಸವಿ. ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರಗಳಿಂದ ತಯಾರಾದ ಕೋವಿಗಳಿಗೆ ‘ಎನ್‌ಫೀಲ್ಡ್’ ಎಂಬ ಮುದ್ರೆ ಬೀಳುತ್ತಿದ್ದಿತು. ‘ಟವರ್’ ಎಂದಿರುವುದು ಗುತ್ತಿಗೆದಾರರು ಮಾಡಿ ಒಪ್ಪಿಸಿದುದು. ಯಂತ್ರದ ಕೋವಿಯ ಒಂದು ಭಾಗವನ್ನು ಮತ್ತೊಂದಕ್ಕೆ ಜೋಡಿಸಬಹುದಾದರೆ, ಗುತ್ತಿಗೆಯ ಕೋವಿಯಲ್ಲಿ ಪ್ರತಿಯೊಂದು ತಿರುಪೂ ತನ್ನ ಜೊತೆಗಾರನಿಗೆ ಮಾತ್ರ ಒಗ್ಗುವಂತೆ ಅರದಿಂದ ಉಜ್ಜಿ ಕೂಡಿಸಿದುದು. ಮರಕ್ಕೂ ಲೋಹಕ್ಕೂ ನಡುವೆ ಕಾಗದದ ಎಲೆಯೂ ತೂರದಂತಿರುವ ಆ ಕೂಡಿಕೆಯ ಅಂದವನ್ನು ಬೆರಳಿನಿಂದ ಸವರಿ ನೋಡಿದವರಿಗೆ, ಈ ಆಯುಧಗಳ ಮೇಲೆ ಕೆಲವರಿಗೆ ಇರುವ ಅಕ್ಕರೆಗೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ. ಕೊಡವರಿಗೆ 1861ರಲ್ಲಿ ಆಯುಧಕಾಯಿದೆಯಿಂದ ವಿನಾಯಿತಿ ದೊರೆತುದರಿಂದಲೂ, ಪ್ರತಿವರ್ಷವೂ ಸೆಪ್ಟೆಂಬರಿನ ಮೊದಲಲ್ಲಿ ಕೈಲ್ ಪೊಳ್ದಿನ ದಿನ ಕೋವಿಗಳನ್ನು ತೊಳೆದು, ಎಣ್ಣೆ ಸವರಿ, ನಳಿಗೆಯ ಬಾಯಿಗೆ ತೋಕ್‌ಪೂವನ್ನಿಟ್ಟು ಪೂಜಿಸುವ ಪದ್ಧತಿಯಿರುವುದರಿಂದಲೂ, ಈ ನಳಿಗೆಯ ಒಳಮೈ ಅಷ್ಟು ಕಾಲದ ಮೇಲೂ ತುಕ್ಕಿಗೆ ತುತ್ತಾಗದೆ ಕನ್ನಡಿಯಂತೆ ಉಳಿದಿದೆ. ನಮ್ಮ ವಿಚಾರಕ್ಕೆ ಇದು ಮಹತ್ತ್ವದ ಸಂಗತಿ. ತುಕ್ಕು ತಿಂದ ನಳಿಗೆಯ ಅಳತೆಯಿಂದ ಯಾವ ಸಿದ್ಧಾಂತವನ್ನೂ ಮಾಡಲಾಗದು.

1853ರ ಮಾದರಿಯ ರಂಧ್ರದ ವ್ಯಾಸ 0.577 ಅಂಗುಲ, ಎಂದರೆ 14.65 ಮಿಲಿಮೀಟರ್. ಅದರೊಳಗೆ ಮೂರು ಗೀರುಗಳು 78 ಅಂಗುಲಕ್ಕೆ ಒಂದು ಸುತ್ತಿನಂತೆ ಸುತ್ತಿಕೊಂಡು ಹೋಗುತ್ತವೆ. ಗೀರಿನ ಆಳ ಹೆಚ್ಚೆಂದರೆ 0.015 ಅಂಗುಲ. ಆದುದರಿಂದ ಗೀರುಗಳು ಬುಡಸಹಿತ ಮಾಯವಾಗುವವರೆಗೆ ನಳಿಗೆ ಸವೆಯಿತೆಂದು ವಾದಕ್ಕಾಗಿ ಒಪ್ಪಿದರೂ, ಎರಡು ಪಕ್ಕಗಳ ಸವೆತವನ್ನೂ ಕೂಡಿಸಿ ವ್ಯಾಸ 0.607 ಅಂಗುಲಕ್ಕೆ ಬಂದು ನಿಲ್ಲಬೇಕು. ಮನೆಯ ಹಿರಿಯರ ಅನುಮತಿಯನ್ನು ಪಡೆದು, ಲೇತಿನಲ್ಲಿ ಕಡೆಸಿದ ಹಿತ್ತಾಳೆಯ ಉರುಳೆಗಳನ್ನು ಸಲಾಕೆಯ ತುದಿಗೆ ಸಿಕ್ಕಿಸಿ ಒಂದೊಂದಾಗಿ ಒಳಗಿಳಿಸಿದೆನು. 0.610ರ ಉರುಳೆ ಅತ್ತಿತ್ತ ಅಲುಗಾಡುತ್ತ ತಾನಾಗಿಯೇ ತಳಕ್ಕೆ ಜಾರಿತು, 0.650ರದು ಬಾಯಿಯಿಂದ ತಳದವರೆಗೆ ಒಂದೇ ಸಮನಾದ ಮೆಲ್ಲನೆಯ ತಡೆಯೊಡನೆ ಇಳಿಯಿತು; 0.660ರದು ಬಾಯಿಯಲ್ಲಿಯೇ ನಿಂತಿತು. ಗೀರುಗಳ ಬುಡವನ್ನು ದಾಟಿ ಅಷ್ಟು ದೂರ ಲೋಹವನ್ನು ತಿನ್ನಬಲ್ಲ ಸವೆತ ಯಾವುದು? ಮೇಲಾಗಿ, ಸಲಾಕೆಯ ಉಜ್ಜುವಿಕೆಯಿಂದಾಗುವ ಸವೆತ ಬಾಯಿಯ ಹತ್ತಿರ ಹೆಚ್ಚಾಗಿ, ಒಳಕ್ಕೆ ಹೋದಂತೆ ಕಡಿಮೆಯಾಗಿ, ಒಂದೇ ಪಕ್ಕಕ್ಕೆ ವಾಲಿಕೊಂಡಿರುತ್ತದೆಂಬುದನ್ನು ಹಳೆಯ ಕೋವಿಗಳನ್ನು ಕೈಯಲ್ಲಿ ಹಿಡಿದವರೆಲ್ಲರೂ ಬಲ್ಲರು. ಇಲ್ಲಿ ವ್ಯಾಸ ಕೊನೆಯಿಂದ ಕೊನೆಗೆ ಏಕರೂಪವಾಗಿದೆ. (ಮೇಲೆ ಹೇಳಿದ ಸಂಗ್ರಾಹಕರು ನಳಿಗೆಯ ಉದ್ದವನ್ನು ಅಳೆದಿದ್ದಾರೆ, ಮರದ ಬಣ್ಣವನ್ನು ವರ್ಣಿಸಿದ್ದಾರೆ, ರಂಧ್ರವನ್ನು ಮಾತ್ರ ಅಳೆದಿಲ್ಲ. ಕೋವಿಯನ್ನು ಕುರಿತು ಬರೆಯುವವರು ಅದರ ಒಳಗನ್ನು ನೋಡದೆ ಬರೆಯುವುದು, ಶಾಸನವನ್ನು ಕುರಿತು ಬರೆಯುವವರು ಕಲ್ಲಿನ ಹಿಂಬದಿಯನ್ನು ಮಾತ್ರ ನೋಡಿ ಬರೆದಂತೆ.) 0.650ಕ್ಕೂ 0.660ಕ್ಕೂ ನಡುವಣ ಆ ಅಳತೆ ಯಾದೃಚ್ಛಿಕವಾದುದಲ್ಲ. ಭಾರತೀಯ ಸೈನಿಕರಿಗೆಂದೇ 1858ರಲ್ಲಿ ಗೊತ್ತುಪಡಿಸಿದ ನುಣುಪು ನಳಿಗೆಯ ಮಸ್ಕೆಟ್ಟಿನ ವ್ಯಾಸ 0.656 ಅಂಗುಲ.

ಇನ್ನು ಗುರಿಯ ಪಟ್ಟಿ. ರೈಫಲ್ಲಿನ ನಳಿಗೆಯ ಮೇಲೆ, ಹತ್ತಿರದ ಗುರಿಗೆ ಮಲಗಿಸಿಡುವ ಮತ್ತು ದೂರದ ಗುರಿಗೆ ಏಣಿಯಂತೆ ಎತ್ತಿ ನಿಲ್ಲಿಸುವ ಪಟ್ಟಿಯಿರುತ್ತದೆ. ಅದರ ಮೇಲಿನ ಅಂಕಗಳು 900 ಗಜಗಳವರೆಗೆ ಏರುತ್ತವೆ. ನಮ್ಮ ಕೋವಿಯಲ್ಲಿ ಅದೇ ಸ್ಥಾನದಲ್ಲಿ ಮೇಲೊಂದು ಕಚ್ಚುಳ್ಳ ಅಚಲವಾದ ಚಿಕ್ಕ ತುಂಡು ಮಾತ್ರ ಇದೆ. ಇದನ್ನು ಹಳ್ಳಿಯ ಕಮ್ಮಾರನ ಕೆಲಸವೆಂದು ಹೇಳುವವರು ಅದರ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು: ಬೆಸುಗೆ ಎಲ್ಲಿಯೂ ಹೊರಗೆ ಚೆಲ್ಲಿಲ್ಲ, ಕಚ್ಚು ನಳಿಗೆಯ ನಡುಗೆರೆಗೆ ಕೂದಲೆಳೆಯಷ್ಟೂ ತಪ್ಪಿಲ್ಲ. ನುಣುಪು ನಳಿಗೆಯಿಂದ ಹೊರಟ ಗುಂಡನ್ನು 100 ಗಜಗಳಾಚೆ ನಂಬುವಂತಿಲ್ಲವಾದುದರಿಂದ, ಅಂಥ ಕೋವಿಗೆ 900 ಗಜಗಳ ಪಟ್ಟಿ ವ್ಯರ್ಥ. ಅದನ್ನು ತೆಗೆದು ತುಂಡನ್ನು ಕೂರಿಸಿದವರು ರಂಧ್ರವನ್ನು ಕೊರೆದವರೇ.

ಇಲ್ಲಿ ಪ್ರಾಮಾಣಿಕವಾದ ಆಕ್ಷೇಪವೊಂದಕ್ಕೆ ಅವಕಾಶವುಂಟು. ಸೈನ್ಯದಿಂದ ಹೊರಬಿದ್ದ ರೈಫಲ್ಲುಗಳನ್ನು ಬೇಟೆಗಾರರು ಚರೆ ಹಾರಿಸುವುದಕ್ಕಾಗಿ ಕೊರೆಯಿಸಿಕೊಂಡುದೂ ಉಂಟಷ್ಟೆ, ಇದೂ ಅಂಥದೇಕಾಗಬಾರದು? ಈ ಸಂಶಯವನ್ನು ಹಗುರವಾಗಿ ತಳ್ಳಿಹಾಕಲಾರೆ, ಏಕೆಂದರೆ ಕೇವಲ ರಂಧ್ರವನ್ನು ನೋಡಿ ನಿರ್ಣಯಿಸಿದವರೂ ಎಡವಿದ್ದಾರೆ. ಆದರೆ ಬೇಟೆಗಾರನು ಭಾರವನ್ನು ಕಡಿಮೆಮಾಡಲು ಮುಂಭಾಗದ ಮರವನ್ನು ಕತ್ತರಿಸುತ್ತಾನೆ, ಕಟ್ಟುಗಳನ್ನು ಕಳಚುತ್ತಾನೆ, ನಳಿಗೆಯನ್ನು ಗಿಡ್ಡಗೊಳಿಸುತ್ತಾನೆ. ಸನೀನಿನ ಅಗತ್ಯ ಅವನಿಗಿಲ್ಲ. ಇಲ್ಲಿಯೋ, ಮರ ಪೂರ್ಣವಾಗಿದೆ, ಮೂರು ಕಟ್ಟುಗಳೂ ಇವೆ, ಸನೀನನ್ನು ಸಿಕ್ಕಿಸುವ ಮೊಳೆ ಬಾಯಿಯ ಬಳಿ ಹಾಗೆಯೇ ಇದೆ, ಗುರಿಯ ತುಂಡು ಸೈನ್ಯದ ಮಾದರಿಯದಾಗಿದೆ. ಈ ಲಕ್ಷಣಗಳೆಲ್ಲ ಒಂದೇ ಕೋವಿಯಲ್ಲಿ ಕೂಡಿಬಂದಾಗ ಬೇಟೆಗಾರನ ಊಹೆ ನಿಲ್ಲಲಾರದು.

ಇಷ್ಟಾದರೂ, ಕೋವಿ ಹಾಗಿರಲಿ, 1857ರಲ್ಲಿ ಸಿಪಾಯಿಯ ಕೈಯಲ್ಲಿದ್ದುದು ಎನ್‌ಫೀಲ್ಡೇ ಅಲ್ಲವೇ ಎಂದು ಕೇಳುವವರುಂಟು. ಈ ಭ್ರಮೆ ಎಲ್ಲಕ್ಕಿಂತ ಬೇರೂರಿದ್ದು. ಹೊಸ ರೈಫಲ್ಲಿನ ಶಿಕ್ಷಣಕ್ಕೆಂದು ಬಂಗಾಳ ಸೈನ್ಯದಲ್ಲಿ ಡಂಡಂ, ಅಂಬಾಲ, ಸಿಯಾಲ್‌ಕೋಟ್ ಎಂಬ ಮೂರು ಸ್ಥಳಗಳಲ್ಲಿ ಮಾತ್ರ ಕೇಂದ್ರಗಳು ತೆರೆದಿದ್ದವು. ರೆಜಿಮೆಂಟುಗಳಿಂದ ಚಿಕ್ಕ ತುಕಡಿಗಳು ಅಲ್ಲಿಗೆ ಹೋಗಿ ಕಲಿಯಬೇಕಾಗಿದ್ದಿತು. ಬೆಹ್ರಾಂಪುರದಲ್ಲಿ ಫೆಬ್ರುವರಿ 26ರಂದು 19ನೆಯ ರೆಜಿಮೆಂಟು ಸಂಶಯಪಟ್ಟುದು ಹಳೆಯ ಮಸ್ಕೆಟ್ಟಿನ ಗುಂಡಿಲ್ಲದ ತೋಟಾಗಳನ್ನು ಕುರಿತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಎತ್ತಿಕೊಂಡುದು ತನ್ನ ರೆಜಿಮೆಂಟಿನ ಹಳೆಯ ಮಸ್ಕೆಟ್ಟನ್ನೇ. ಏಪ್ರಿಲ್ 24ರಂದು ಮೀರತ್ತಿನ 3ನೆಯ ಅಶ್ವದಳದ 90 ಮಂದಿಯಲ್ಲಿ 85 ಮಂದಿ ನಿರಾಕರಿಸಿದುವು ಸಹ ಅವರು ಬಹುಕಾಲದಿಂದ ಬಳಸುತ್ತಿದ್ದ ಮಾದರಿಯ ತೋಟಾಗಳು. ಜಾರ್ಜ್ ಫಾರೆಸ್ಟರು 1893ರಲ್ಲಿ ಪ್ರಕಟಿಸಿದ ಸರ್ಕಾರಿ ದಾಖಲೆಗಳ ಸಂಪುಟದಲ್ಲಿ ವಿಚಾರಣೆಯ ಹೇಳಿಕೆಗಳು ಅಚ್ಚಾಗಿವೆ, ಜೆ. ಎ. ಬಿ. ಪಾಮರರು 1966ರಲ್ಲಿ ಮೀರತ್ತಿನ ಪ್ರಕರಣವನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೆಲ್ಲ ತಾಳ್ಮೆಯಿಂದ ವಿಂಗಡಿಸಿದ್ದಾರೆ. (ಪಾಮರರ ಎಲ್ಲ ತೀರ್ಮಾನಗಳನ್ನೂ ಒಪ್ಪಬೇಕೆಂದಲ್ಲ, ಆದರೆ ತೋಟಾಗಳನ್ನು ಒಂದೊಂದಾಗಿ ಬೇರ್ಪಡಿಸಿ ನೋಡಿದ ಅವರ ಶ್ರಮಕ್ಕೆ ನಾನು ಋಣಿ. ಆ ಪುಟಗಳನ್ನು ಓದದೆಯೇ ಆಯುಧಗಳಿಗೆ ಚೀಟಿ ಅಂಟಿಸುವವರ ವಿಷಯದಲ್ಲಿ ನನಗೆ ಸಹನೆಯಿಲ್ಲ.) ಇದರಿಂದ ಸಿಪಾಯಿಗಳ ಭೀತಿ ಹುಸಿಯೆಂದು ಯಾರೂ ಭಾವಿಸಬಾರದು. ಹೊಸ ರೈಫಲ್ಲಿನ ತೋಟಾಕ್ಕೆ ಪ್ರಾಣಿಯ ಕೊಬ್ಬನ್ನು ಬಳಸಿದ್ದುದು ನಿಜ, ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದುದೂ ನಿಜ; ಆ ಸಂಶಯ ಹಳೆಯ ತೋಟಾಗಳಿಗೂ ಹಬ್ಬಿದುದು ಸರ್ಕಾರದ ಮೇಲಣ ಅವಿಶ್ವಾಸ ಎಷ್ಟು ಆಳವಾಗಿದ್ದಿತೆಂಬುದನ್ನು ತೋರಿಸುತ್ತದೆ. ನನ್ನ ಮಾತಿಷ್ಟೇ: ದೆಹಲಿಯ ಕೋಟೆಗೋಡೆಗಳನ್ನು ಕಾದ ಸಿಪಾಯಿಗಳ ಕೈಯಲ್ಲಿ ಸಾಮಾನ್ಯವಾಗಿದ್ದುದು ಮುಕ್ಕಾಲು ಅಂಗುಲದಷ್ಟು ರಂಧ್ರದ ನುಣುಪು ಮಸ್ಕೆಟ್ಟು, ಎನ್‌ಫೀಲ್ಡ್ ಇದ್ದುದು ಅವರೆದುರಿನವರ ಕೈಯಲ್ಲಿ.

ಅವಿಶ್ವಾಸ ಈಗ ಇನ್ನೊಂದು ಕಡೆಯಿಂದ ತಿರುಗಿಬಂದಿತು. ಸೈನ್ಯದ ಪುನಾರಚನೆಗಾಗಿ ಜೊನಾಥನ್ ಪೀಲನ ಅಧ್ಯಕ್ಷತೆಯಲ್ಲಿ 1858ರಲ್ಲಿ ನೇಮಕವಾದ ಆಯೋಗ ಮರುವರ್ಷ ವರದಿ ಒಪ್ಪಿಸಿತು. ಬಂಗಾಳದಲ್ಲಿ ಇಬ್ಬರು ಭಾರತೀಯರಿಗೆ ಒಬ್ಬನಂತೆ, ಮದರಾಸು ಬೊಂಬಾಯಿಗಳಲ್ಲಿ ಮೂವರಿಗೆ ಒಬ್ಬನಂತೆ ಐರೋಪ್ಯ ಸೈನಿಕರಿರಬೇಕೆಂದೂ, ಫಿರಂಗಿದಳ ಬಹುತೇಕ ಐರೋಪ್ಯರ ವಶದಲ್ಲಿಯೇ ಇರಬೇಕೆಂದೂ ಗೊತ್ತಾಯಿತು. ಇದು ಎಲ್ಲರೂ ಓದುವ ಇತಿಹಾಸ. ಓದದಿರುವುದು ನಳಿಗೆಯೊಳಗಿನದು. ಬಿಳಿಯ ಸೈನಿಕನ ಕೈಯಲ್ಲಿ 900 ಗಜಗಳ ಅಂಕಗಳುಳ್ಳ ರೈಫಲ್, ಅವನ ಪಕ್ಕದಲ್ಲಿ ನಡೆಯುವ ಕರಿಯ ಸೈನಿಕನ ಕೈಯಲ್ಲಿ ಹೊರನೋಟಕ್ಕೆ ಅದರ ಅವಳಿಯಂತೆಯೇ ಇರುವ, ಆದರೆ ಗೀರುಗಳನ್ನು ಕೊರೆದು ಅಳಿಸಿದ ಮಸ್ಕೆಟ್ಟು: ಸಾಲಾಗಿ ನಿಂತಾಗ ಭೇದ ಕಾಣದು, ಗುಂಡು ಹಾರಿಸಿದಾಗ ಕಾಣುತ್ತದೆ. 1857ರ ನವೆಂಬರಿನಲ್ಲಿ ಮುಧೋಳದ ಹಲಗಲಿಯ ಬೇಡರಿಂದ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟ ಸರ್ಕಾರವೇ, ತನ್ನ ಸಂಬಳವನ್ನು ಉಣ್ಣುವ ಸಿಪಾಯಿಯ ಆಯುಧದಿಂದ ಅದರ ಸತ್ತ್ವವನ್ನು ಕಿತ್ತುಕೊಂಡಿತು. ಈ ನೀತಿ ತಾತ್ಕಾಲಿಕವಾದುದೂ ಆಗಿರಲಿಲ್ಲ. ಸ್ನೈಡರ್ ರೈಫಲ್ 1866ರಲ್ಲಿ ಬಂದಿತಾದರೂ, ಬ್ರಿಟಿಷ್ ಪಡೆಗಳು 1871ರ ಮಾರ್ಟಿನಿ-ಹೆನ್ರಿಗೆ ತಿರುಗಿದ ಕಾಲದಲ್ಲಿಯೇ ಅದು ಭಾರತೀಯ ಪದಾತಿಗಳ ಸಾಮಾನ್ಯ ಆಯುಧವಾದುದು; ಅವರ ಕೈಗೆ ಮಾರ್ಟಿನಿ ಬರುವ ಹೊತ್ತಿಗೆ ಬ್ರಿಟಿಷರು 1888ರ ಲೀ-ಮೆಟ್‌ಫರ್ಡನ್ನು ಹಿಡಿದಿದ್ದರು. (ಗೂರ್ಖಾಗಳಂಥ ಕೆಲವು ಪಡೆಗಳ ವಿಷಯ ಬೇರೆ, ಅಪವಾದವನ್ನೇ ನಿಯಮವೆಂದು ಎತ್ತಿ ತೋರಿಸುವವರೊಡನೆ ವಾದಿಸುವ ಇಚ್ಛೆ ನನಗಿಲ್ಲ.)

ಸಂಗ್ರಾಹಕರಲ್ಲಿ ಒಂದು ವಿಜ್ಞಾಪನೆ. ನುಣುಪು ನಳಿಗೆಯ ಎನ್‌ಫೀಲ್ಡಿಗೆ ಬೆಲೆ ಕಡಿಮೆಯೆಂದು, ಕೆಲವರು ನಳಿಗೆಯೊಳಗೆ ಹೊಸ ಗೀರುಗಳ ಕೊಳವೆಯನ್ನು ಹೊಗಿಸಿ, ಮೊಂಡು ತುಂಡನ್ನು ಕಿತ್ತು, ಏಣಿಪಟ್ಟಿಯನ್ನು ಬೆಸೆಸಿ, ಕೋವಿಯನ್ನು ಮೂಲರೂಪಕ್ಕೆ ತಂದೆವೆಂದು ಹೆಮ್ಮೆಪಡುತ್ತಿರುವರು. ಇದು ಜೀರ್ಣೋದ್ಧಾರವಲ್ಲ, ಸಾಕ್ಷ್ಯನಾಶ. ಆ ಕೋವಿಯ ಮೂಲರೂಪವೇ ನುಣುಪಾದುದು. ಸಿಪಾಯಿಯ ಭುಜದ ಮೇಲೆ ಅದು ಏರಿದುದು ಆ ರೂಪದಲ್ಲಿಯೇ. ಹಾಗೆ ತಿದ್ದಿದ ಪ್ರತಿಯೊಂದು ಕೋವಿಯೊಡನೆಯೂ, ಬರವಣಿಗೆಯಲ್ಲಿ ಎಲ್ಲಿಯೂ ಅಷ್ಟು ಸ್ಪಷ್ಟವಾಗಿ ನಮೂದಾಗದ ಒಂದು ಶಾಸನವನ್ನು ನಾವೇ ಉಜ್ಜಿ ಹಾಕುತ್ತಿದ್ದೇವೆ.

ಉಳಿದುದು 1856ರ ಇಸವಿ. ಅದನ್ನು ಪ್ರತಿವಾದಿಗಳು ತಮ್ಮ ವಾದದ ಜೀವಾಳವೆಂದು ಭಾವಿಸಿದ್ದಾರೆ. ಪಕ್ಕದ ತಗಡಿನ ಇಸವಿ ಆ ತಗಡಿನ ತಯಾರಿಕೆಯ ಕಾಲವನ್ನು ಹೇಳುತ್ತದೆಯೇ ಹೊರತು ನಳಿಗೆಯ ಈಗಿನ ರೂಪದ ಕಾಲವನ್ನು ಹೇಳುವುದಿಲ್ಲ. 0.656ರ ನಳಿಗೆಯಲ್ಲಿ ಎರಡು ಮಾದರಿಗಳಿದ್ದವೆಂಬುದನ್ನು ಇಲ್ಲಿ ನೆನೆಯಬೇಕು. 1858ರಲ್ಲಿ ರೈಫಲ್ಲಿನ ನಳಿಗೆಯನ್ನೇ ಅಗಲಕ್ಕೆ ಕೊರೆದರು; ಹಾಗೆ ತೆಳುವಾದ ಗೋಡೆ ಸೈನ್ಯದ ಒರಟು ಬಳಕೆಗೆ ತಾಳದೆಹೋದುದರಿಂದ, 1859ರ ಮಾದರಿಯಲ್ಲಿ ಹೊರವ್ಯಾಸವನ್ನೂ ಹೆಚ್ಚಿಸಿ ದಪ್ಪಗೋಡೆಯ ನಳಿಗೆಯನ್ನು ಹೊಸದಾಗಿ ಮಾಡಿಸಿದರು. ಈ ದಪ್ಪ ನಳಿಗೆಗೆ 1853ರ ರೈಫಲ್ಲಿನ ಸನೀನಿನ ಕೊಳವೆ ಹಿಡಿಯದು. ಮಿತ್ರರಾದ ಸಂಗ್ರಾಹಕರೊಬ್ಬರಿಂದ ಅಂಥ ಸನೀನೊಂದನ್ನು ಎರವಲು ತಂದು ಐನ್‌ಮನೆಯ ಕೋವಿಯ ಬಾಯಿಗೆ ತೊಡಿಸಿ ನೋಡಿದೆನು. ಅದು ಸರಾಗವಾಗಿ ಇಳಿದು, ತಿರುಗಿಸಿದೊಡನೆ ಮೊಳೆಗೆ ಸಿಕ್ಕಿಕೊಂಡು ಭದ್ರವಾಗಿ ನಿಂತಿತು. ಬಾಯಿಯ ಅಂಚಿನಲ್ಲಿ ಲೋಹದ ದಪ್ಪ ಸುಮಾರು 1.8 ಮಿಲಿಮೀಟರ್, ಕೊರೆಯದ ರೈಫಲ್ಲಿನಲ್ಲಿ ಅದು 2.8ರ ಸಮೀಪವಿರುತ್ತದೆ. ಹೊರಮೈ 1853ರದು, ಒಳಮೈ ಮಾತ್ರ ಅನಂತರದ್ದು. ಹೀಗಾಗಿ ಆ ಇಸವಿ ಪ್ರತಿವಾದಿಗಳ ಪಕ್ಷವನ್ನು ಬಿಟ್ಟು ಎದುರು ಪಕ್ಷಕ್ಕೆ ಸಾಕ್ಷಿಯಾಗುತ್ತದೆ: 1859ರ ಹೊಸ ನಳಿಗೆಯಾಗಿರದೆ, 1856ರ ತಗಡುಳ್ಳ ಸಿದ್ಧ ರೈಫಲ್ಲನ್ನು ಕೊರೆದು ಮಾಡಿದ 1858ರ ಮಾದರಿಯ ಮಸ್ಕೆಟ್ಟೆಂದೇ ಇದನ್ನು ಪಟ್ಟಿಯಲ್ಲಿ ನಮೂದಿಸತಕ್ಕದ್ದು.