ವೇಷವೂ ಒಂದು ಭಾಷೆ

ರೇಡಿಯೋ ನಾಟಕವನ್ನು ಕೇಳುವಾಗ ಪಾತ್ರಧಾರಿಯ ವೇಷ ನಿಮಗೆ ಕಾಣುವುದಿಲ್ಲ, ದನಿಯೊಂದೇ ಸಾಕಾಗುತ್ತದೆ. ಆದರೆ ನೀವು ಅರಿಯದ ಭಾಷೆಯ ನಾಟಕಕ್ಕೆ ಹೋಗಿ ಕುಳಿತಿರಿ ಎನ್ನಿ. ಆಗ ಕಣ್ಣೇ ಕಿವಿಯ ಕೆಲಸವನ್ನೂ ಮಾಡಬೇಕು. ನಟನ ಉಡುಪೇ ಮಾತನಾಡಬೇಕು. 1930ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಪ್ರೇಕ್ಷಕರಿಗೆ ಒದಗಿದ್ದು ಇಂಥದೇ ಸಂದರ್ಭ.

ಅಲ್ಲಿಗೆ ಬಂದಿದ್ದವರು ಚೀನದ ಹೆಸರಾಂತ ನಟ ಮೇ ಲಾನ್‌ಫಾಂಗ್. ನಮ್ಮ ಯಕ್ಷಗಾನದಲ್ಲಿರುವಂತೆ ಪೀಕಿಂಗಿನ ಸಂಗೀತನಾಟಕದಲ್ಲಿಯೂ ಗಂಡಸರು ಸ್ತ್ರೀವೇಷ ಧರಿಸುವ ಪದ್ಧತಿಯುಂಟು. ಅದರಲ್ಲಿ ಅವರು ಅಗ್ರಗಣ್ಯರು. ಆದರೆ ಕಾಲ ಅನುಕೂಲವಾಗಿರಲಿಲ್ಲ. ಕೆಲವೇ ತಿಂಗಳ ಹಿಂದೆ ಅಮೆರಿಕದ ಷೇರುಪೇಟೆ ಕುಸಿದಿತ್ತು. ಮೇಲಾಗಿ, ಚೀನೀ ಕೂಲಿಗಾರರು ಆ ದೇಶಕ್ಕೆ ಕಾಲಿಡಕೂಡದೆಂಬ 1882ರ ಕಾನೂನು ಇನ್ನೂ ಜಾರಿಯಲ್ಲಿತ್ತು. ಅಲ್ಲಿನ ಅಗ್ಗದ ವಿನೋದ ನಾಟಕಗಳಲ್ಲಿ ಚೀನೀಯನೆಂದರೆ ನಗೆಪಾಟಲಿನ ಪಾತ್ರ.

ಮೇ ಅವರು ಪರದೇಶದವರಿಗಾಗಿ ಪ್ರಸಂಗಗಳನ್ನು ಮೊಟಕುಗೊಳಿಸಿದರು. ಆದರೆ ವೇಷವನ್ನು ಪಾಶ್ಚಾತ್ಯ ಮಾದರಿಗೆ ತಿದ್ದಲಿಲ್ಲ. ಅದನ್ನು ಓದುವ ಬಗೆಯನ್ನು ಕಲಿಸಿದರು. ಅವರ ಸಲಹೆಗಾರ ಚೀ ರುಷಾನ್ ಉಡುಪು, ಮುಖವರ್ಣಿಕೆ, ವಾದ್ಯಗಳನ್ನು ವಿವರಿಸುವ ಚಿತ್ರಪಟಗಳನ್ನು ಬರೆಯಿಸಿದ್ದರು. ಪ್ರಸಂಗಕ್ಕೆ ಮೊದಲು ಮಹಿಳೆಯೊಬ್ಬರು ಇಂಗ್ಲಿಷಿನಲ್ಲಿ ಅರ್ಥ ಹೇಳುತ್ತಿದ್ದರು. ತಂಡಕ್ಕೆ ಮಾರ್ಗದರ್ಶನ ಮಾಡಿದ ಚಾಂಗ್ ಪೆಂಗ್ ಚುನ್, ಮುಂದೆ 1948ರ ಮಾನವ ಹಕ್ಕುಗಳ ಘೋಷಣೆಯ ಕರಡನ್ನು ಸಿದ್ಧಪಡಿಸಿದವರಲ್ಲಿ ಒಬ್ಬರಾದರು.

ಓದಲು ಅಲ್ಲಿ ಏನೇನಿತ್ತು ನೋಡಿ. ಸೇನಾಪತಿಯ ಬೆನ್ನಿಗೆ ಕಟ್ಟಿದ ನಾಲ್ಕು ಬಾವುಟಗಳು ಅವನ ಅಧಿಕಾರದ ಗುರುತು. ತೋಳಿನ ತುದಿಯಲ್ಲಿ ಇಳಿಬಿಟ್ಟ ಬಿಳಿಯ ರೇಷ್ಮೆಗೆ 'ನೀರಿನ ತೋಳು' ಎಂದು ಹೆಸರು. ನಾಚಿಕೆ, ಸಿಟ್ಟು, ಅಳು ಎಲ್ಲವನ್ನೂ ಅದರ ಬೀಸಿನಲ್ಲಿಯೇ ತೋರಿಸುತ್ತಾರೆ. ಬಡವನ ಉಡುಪಿಗೂ ತೇಪೆಗಳು ರೇಷ್ಮೆಯವೇ! ಆ ಉಡುಪಿಗೆ 'ಸಿರಿವಂತರ ಅಂಗಿ' ಎನ್ನುತ್ತಾರೆ. ತೊಟ್ಟವನು ಮುಂದೆ ಐಶ್ವರ್ಯ ಪಡೆಯುವನೆಂಬ ಸೂಚನೆ.

ಎರಡು ವಾರಗಳೆಂದುಕೊಂಡಿದ್ದ ನ್ಯೂಯಾರ್ಕಿನ ಆಟ ಐದು ವಾರ ನಡೆಯಿತು. ಕ್ಯಾಲಿಫೋರ್ನಿಯದ ಎರಡು ವಿದ್ಯಾಸಂಸ್ಥೆಗಳು ಮೇ ಅವರಿಗೆ ಗೌರವ ಡಾಕ್ಟರೇಟ್ ನೀಡಿದವು. ಹಾಗೆಂದು ರೇಷ್ಮೆಯ ಬೀಸಿಗೆ ಕಾನೂನು ಹಾರಿಹೋಯಿತೆಂದು ತಿಳಿಯಬೇಡಿ. ಅದು ರದ್ದಾದದ್ದು 1943ರಲ್ಲಿ, ಯುದ್ಧದಲ್ಲಿ ಚೀನವು ಅಮೆರಿಕದ ಮಿತ್ರನಾದ ಮೇಲೆ. ಆದರೆ ಚೀನೀಯನನ್ನು ಕಂಡು ನಗುತ್ತಿದ್ದ ನಾಟಕಶಾಲೆಗಳ ಊರಿನಲ್ಲಿಯೇ ಜನ ಅವನನ್ನು ಗೌರವದಿಂದ ನೋಡಿದರು. ಇದೂ ಸಣ್ಣ ಮಾತಲ್ಲ.

ವೇಷ ತೊಡುವಂತೆ ತೊಡದಿರುವುದೂ ಒಂದು ಮಾತೇ. 1919 ಮತ್ತು 1924ರಲ್ಲಿ ಮೇ ಜಪಾನಿನಲ್ಲಿ ಅಭಿನಯಿಸಿ ಮೆಚ್ಚುಗೆ ಪಡೆದಿದ್ದರು. ಆದರೆ 1941ರ ಡಿಸೆಂಬರಿನಲ್ಲಿ ಜಪಾನೀ ಸೈನ್ಯವು ಅವರು ನೆಲೆಸಿದ್ದ ಹಾಂಕಾಂಗನ್ನು ಹಿಡಿದಾಗ ಅವರು ಮೀಸೆ ಬೆಳೆಸಿದರು. ಮೀಸೆಯ ಮುಖಕ್ಕೆ ಸ್ತ್ರೀವೇಷ ಹೇಗೆ ಒಪ್ಪೀತು? ಯುದ್ಧ ಮುಗಿಯುವವರೆಗೂ ಅವರು ರಂಗವೇರಲಿಲ್ಲ. 1945ರಲ್ಲಿ ಮೀಸೆ ಹೋಯಿತು, ವೇಷ ಬಂತು. 1956ರಲ್ಲಿ ಅದೇ ವೇಷದೊಡನೆ ಮತ್ತೆ ಜಪಾನಿಗೆ ಹೋದರು. ಪೀಕಿಂಗ್ ಮತ್ತು ಟೋಕಿಯೋ ಸರಕಾರಗಳ ನಡುವೆ ರಾಯಭಾರ ಸಂಬಂಧ ಏರ್ಪಡಲು ಆಗಿನ್ನೂ 16 ವರ್ಷಗಳಿದ್ದವು.

ಪರದೇಶದ ತಂಡವೊಂದು ನಿಮ್ಮೂರಿಗೆ ಬಂದರೆ ಜರಿಯ ಮಿನುಗನ್ನಷ್ಟೇ ಮೆಚ್ಚಿ ಮನೆಗೆ ಮರಳಬೇಡಿ. ಈ ಬಾವುಟವೇಕೆ, ಈ ತೇಪೆಯೇಕೆ ಎಂದು ಬಲ್ಲವರನ್ನು ಕೇಳಿ. ಪರಿಚಯ ಆರಂಭವಾಗುವುದು ಅಲ್ಲಿಂದ.