ಕ್ಲೌಡ್ ಸಿಂಕ್ ಕಡತಗಳ ವಿಧಿವಿಜ್ಞಾನ ಪರೀಕ್ಷೆ: ಸಾರ್ವಜನಿಕರಿಗೆ ಮಾಹಿತಿ

ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್ ಮುಂತಾದ ಕ್ಲೌಡ್ ಸೇವೆಗಳಲ್ಲಿನ ಕಡತಗಳನ್ನು ಸಾಕ್ಷ್ಯವಾಗಿ ಹಾಜರುಪಡಿಸುವ ದೂರುದಾರರು ಹಾಗೂ ಪರೀಕ್ಷಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಒಂದು ಸಾಧನದಲ್ಲಿ ಅಳಿಸಿದ ಕಡತವು ಸಿಂಕ್ ಆದೊಡನೆ ಅದೇ ಖಾತೆಯ ಇತರ ಸಾಧನಗಳಿಂದಲೂ ಅಳಿಸಿಹೋಗುತ್ತದೆ. ಆದುದರಿಂದ ವಶಪಡಿಸಿಕೊಂಡ ಸಾಧನವನ್ನು ಮೊದಲು ಅಂತರ್ಜಾಲದಿಂದ ಬೇರ್ಪಡಿಸತಕ್ಕದ್ದು.

2. ಪರದೆಯಲ್ಲಿ ಕಡತದ ಹೆಸರು ಕಂಡರೂ ಅದರ ವಿಷಯವು ಸರ್ವರ್‌ನಲ್ಲಿ ಮಾತ್ರ ಇರಬಹುದು. ಹಾರ್ಡ್‌ಡಿಸ್ಕ್‌ನ ಪ್ರತಿಯೊಂದೇ ಸಾಲದು.

3. ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತವು ಟ್ರ್ಯಾಶ್‌ನಲ್ಲಿ 30 ದಿನ ಮಾತ್ರ ಉಳಿಯುತ್ತದೆ. ದೂರು ವಿಳಂಬವಾದಲ್ಲಿ ಸಾಕ್ಷ್ಯ ನಷ್ಟವಾಗಬಹುದು.

4. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63(4)ರ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸತಕ್ಕದ್ದು. ಇದರ ಭಾಗ-ಎಯನ್ನು ಹಾಜರುಪಡಿಸುವವರು, ಭಾಗ-ಬಿಯನ್ನು ತಜ್ಞರು ಭರ್ತಿ ಮಾಡತಕ್ಕದ್ದು.

ದೂರುದಾರರು ಯಾವುದೇ ಕಡತವನ್ನು ಅಳಿಸದೆ, ತಿದ್ದದೆ, ಕೂಡಲೇ ಸಮೀಪದ ಪೊಲೀಸ್ ಠಾಣೆಯನ್ನು ಸಂಪರ್ಕಿಸಲು ಕೋರಲಾಗಿದೆ.