ಕ್ರೀಮ್, ಕರೆಂಟಿಲ್ಲದೆ

1966ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕ್ರೀಮ್ ತಂಡ ಬಾಳಿದ್ದು ಎರಡೂವರೆ ವರ್ಷಕ್ಕೂ ಕಡಿಮೆ. ಇದ್ದವರು ಮೂರೇ ಜನ: ಗಿಟಾರಿಗೆ ಎರಿಕ್ ಕ್ಲಾಪ್ಟನ್, ಬೇಸ್ ಗಿಟಾರಿಗೂ ಹಾಡಿಕೆಗೂ ಜ್ಯಾಕ್ ಬ್ರೂಸ್, ಡ್ರಮ್ಸಿಗೆ ಜಿಂಜರ್ ಬೇಕರ್. ವೇದಿಕೆಯ ಮೇಲೆ ಅವರ ಬೆನ್ನ ಹಿಂದೆ ಆಳೆತ್ತರದ ಮಾರ್ಷಲ್ ಆ್ಯಂಪ್ಲಿಫೈಯರುಗಳು ನಿಂತಿರುತ್ತಿದ್ದವು. ಆ ಕಿವಿಗಡಚಿಕ್ಕುವ ಸದ್ದೇ ಬ್ಲೂಸ್ ರಾಕ್‌ನ ಗುರುತಾಯಿತು. ಅಂಥ ತಂಡದ ಹಾಡುಗಳನ್ನು ಅಕೌಸ್ಟಿಕ್ ವಾದ್ಯಗಳಲ್ಲಿ ನುಡಿಸಿ ಗೌರವ ಸಲ್ಲಿಸಿದ 'ಹೆವನ್ಲಿ ಕ್ರೀಮ್' ಆಲ್ಬಂ 2023ರಲ್ಲಿ ಹೊರಬಂತು. ಸದ್ದನ್ನೇ ತೆಗೆದುಬಿಟ್ಟರೆ ಕ್ರೀಮ್‌ನಲ್ಲಿ ಉಳಿಯುವುದೇನು?

ಉಳಿಯುವುದು ಸಾಕಷ್ಟಿದೆ. ಕ್ರೀಮ್ ಹಾಡಿದ 'ಐಯಾಮ್ ಸೋ ಗ್ಲ್ಯಾಡ್' ಅನ್ನು ಮಿಸಿಸಿಪ್ಪಿಯ ಸ್ಕಿಪ್ ಜೇಮ್ಸ್ 1931ರಲ್ಲಿ ಒಂಟಿ ಗಿಟಾರ್ ಹಿಡಿದು ರೆಕಾರ್ಡ್ ಮಾಡಿದ್ದ. 'ಕ್ರಾಸ್‌ರೋಡ್ಸ್' ಹಾಡಿನ ಮೂಲ ರಾಬರ್ಟ್ ಜಾನ್ಸನ್ನನದು. 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೊದ ಹೋಟೆಲಿನ ಕೋಣೆಯಲ್ಲಿ ಮುದ್ರಣವಾದದ್ದು. ಬ್ಲೂಸ್‌ಗೆ ಕರೆಂಟು ಬಂದದ್ದು ಅಗತ್ಯಕ್ಕಾಗಿ. 1943ರಲ್ಲಿ ಶಿಕಾಗೊಗೆ ಬಂದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್‌ಗೆ ಅಲ್ಲಿನ ಕ್ಲಬ್ಬುಗಳ ಗಲಾಟೆಯಲ್ಲಿ ತನ್ನ ಮರದ ಗಿಟಾರು ಯಾರಿಗೂ ಕೇಳಿಸದೆ, ಎಲೆಕ್ಟ್ರಿಕ್ ಗಿಟಾರು ಹಿಡಿಯಬೇಕಾಯಿತು.

ಆಮೇಲಿನದು ತಮಾಷೆಯ ಕಥೆ. 1958ರಲ್ಲಿ ಮಡ್ಡಿ ಇಂಗ್ಲೆಂಡಿನಲ್ಲಿ ಆ ಗಿಟಾರು ನುಡಿಸಿದಾಗ, ಹಳ್ಳಿಯ ಜನಪದ ಗಾಯಕನನ್ನು ನಿರೀಕ್ಷಿಸಿದ್ದ ಹಲವರು ಮುಖ ಸಿಂಡರಿಸಿದರು. ಪಾಠ ಕಲಿತ ಆತ 1963ರಲ್ಲಿ ಅಕೌಸ್ಟಿಕ್ ಗಿಟಾರಿನೊಂದಿಗೆ ಹೋದರೆ, ಹುಡುಗರಿಗೆ ಎಲೆಕ್ಟ್ರಿಕ್ಕೇ ಬೇಕಾಗಿತ್ತು! ಅಮೆರಿಕದಲ್ಲಿ ಜನಪದ ಗಾಯನದ ಅಲೆ ಎದ್ದದ್ದನ್ನು ಕಂಡ ಚೆಸ್ ರೆಕಾರ್ಡ್ ಕಂಪನಿ, ಬ್ಲೂಸ್ ಕಲಾವಿದರಾದ ಬಡ್ಡಿ ಗೈ ಮತ್ತು ವಿಲ್ಲಿ ಡಿಕ್ಸನ್ನರನ್ನು ಜೊತೆಗಿಟ್ಟು 1964ರಲ್ಲಿ ಮಡ್ಡಿಯ 'ಫೋಕ್ ಸಿಂಗರ್' ಆಲ್ಬಂ ತಂದಿತು. ಹಿಂದಕ್ಕೆ ಹೋಗುವುದೂ ಮಾರಾಟದ ಸರಕಾಗಬಹುದೆಂದು ತೋರಿಸಿದ ಆಲ್ಬಮುಗಳಲ್ಲಿ ಅದೂ ಒಂದು. ಸಂಗೀತವಾಗಿ ಮಾತ್ರ ಅದು ಅಪ್ಪಟ ಚಿನ್ನ.

ಕ್ರೀಮ್ ಈ ಎರಡೂ ದಾರಿಗಳನ್ನು ಬಲ್ಲ ತಂಡ. ಮೊದಲ ಆಲ್ಬಮಿನಲ್ಲಿ ಆರೂವರೆ ನಿಮಿಷವಿದ್ದ 'ಸ್ಪೂನ್‌ಫುಲ್' ವೇದಿಕೆಯ ಮೇಲೆ ಹದಿನಾರು ನಿಮಿಷ ದಾಟುತ್ತಿತ್ತು. ಅದೇ ತಂಡ 1968ರ 'ವ್ಹೀಲ್ಸ್ ಆಫ್ ಫೈರ್' ಆಲ್ಬಮಿನಲ್ಲಿ 'ಆ್ಯಸ್ ಯು ಸೆಡ್' ಎಂಬ ಹಾಡನ್ನೂ ಇಟ್ಟಿತು. ಅದರಲ್ಲಿ ಕ್ಲಾಪ್ಟನ್ ಇಲ್ಲವೇ ಇಲ್ಲ. ಬ್ರೂಸ್ ಅಕೌಸ್ಟಿಕ್ ಗಿಟಾರನ್ನೂ ಚೆಲ್ಲೊವನ್ನೂ ನುಡಿಸುತ್ತಾನೆ. ಡ್ರಮ್ಮುಗಳ ಗುಡುಗಿಗೆ ಹೆಸರಾದ ಬೇಕರ್, ಬರೀ ಹೈಹ್ಯಾಟ್ ತಾಳದಲ್ಲಿ ಲಯ ಹಿಡಿಯುತ್ತಾನೆ. ತಂಡಕ್ಕೆ ಅಕೌಸ್ಟಿಕ್ ಗೌರವ ಸಲ್ಲಿಸುವ ಕೆಲಸವನ್ನು ತಂಡವೇ ಶುರು ಮಾಡಿತ್ತು ಎಂದರೂ ತಪ್ಪಿಲ್ಲ.

ಈ ಅಕೌಸ್ಟಿಕ್ ಬಗೆಗೆ ದೊಡ್ಡ ಮಾರುಕಟ್ಟೆ ತೆರೆದದ್ದು 1989ರಲ್ಲಿ ಆರಂಭವಾದ ಎಂಟಿವಿಯ 'ಅನ್‌ಪ್ಲಗ್ಡ್' ಕಾರ್ಯಕ್ರಮ. 1992ರ ಜನವರಿಯಲ್ಲಿ ಕ್ಲಾಪ್ಟನ್ ಅದಕ್ಕಾಗಿ ನುಡಿಸಿದಾಗ, ತನ್ನದೇ 1970ರ 'ಲೈಲಾ' ಹಾಡಿನ ಪ್ರಸಿದ್ಧ ರಿಫ್ಫನ್ನೇ ಕೈಬಿಟ್ಟು, ವೇಗ ತಗ್ಗಿಸಿದ. ಆ ಕಾರ್ಯಕ್ರಮದ ಆಲ್ಬಮಿಗೆ ಮೂರು ಗ್ರ್ಯಾಮಿಗಳು ಬಂದವು. ಆತ ನುಡಿಸಿದ 1939ರ ಮಾರ್ಟಿನ್ ಗಿಟಾರು 2004ರಲ್ಲಿ 7,91,500 ಡಾಲರಿಗೆ ಹರಾಜಾಯಿತು. ಅಲ್ಲಿಂದ ಮುಂದೆ ಕಾಫಿ ಅಂಗಡಿಯ ಹಿನ್ನೆಲೆಗೆ ಒಗ್ಗುವ, ಹಲ್ಲು ಕಿತ್ತ ಹಾವಿನಂಥ ಆಲ್ಬಮುಗಳೂ ರಾಶಿ ಬಿದ್ದವು.

'ಹೆವನ್ಲಿ ಕ್ರೀಮ್' ಆ ರಾಶಿಗೆ ಸೇರದಿರಲು ಕಾರಣ ಅದರೊಳಗಿನ ಜನ. ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೊದಲ್ಲಿ, ರಾಬ್ ಕ್ಯಾಸ್ ನಿರ್ಮಾಣದಲ್ಲಿ ತಯಾರಾದ ಇದರಲ್ಲಿ ಬೇಕರ್ ಸ್ವತಃ ಇದ್ದಾನೆ. ಕ್ರೀಮ್‌ಗೆ ಸಾಹಿತ್ಯ ಬರೆದ ಕವಿ ಪೀಟ್ ಬ್ರೌನ್, ಬ್ರೂಸ್‌ನ ಮಗ ಮಾಲ್ಕಮ್, ಜೊತೆಗೆ ಗಾಯಕಿ ಮ್ಯಾಗಿ ಬೆಲ್, ಗಿಟಾರ್ ವಾದಕರಾದ ಬರ್ನಿ ಮಾರ್ಸ್ಡನ್, ಜೋ ಬೊನಮಸ್ಸ ಕೂಡ ಇದ್ದಾರೆ. ಬೇಕರ್ 2019ರಲ್ಲೇ ತೀರಿಕೊಂಡ. ಬ್ರೌನ್ ಮತ್ತು ಮಾರ್ಸ್ಡನ್ ಆಲ್ಬಂ ಬಿಡುಗಡೆಯಾದ ವರ್ಷವೇ ಹೋದರು.

ಈ ಬಗೆಯ ಮರುನಿರೂಪಣೆಯಲ್ಲಿ ಗೆಲ್ಲುವುದು ಬ್ರೂಸ್-ಬ್ರೌನ್ ಜೋಡಿಯ ರಚನೆಗಳೇ. ಗ್ಲಾಸ್ಗೊದಲ್ಲಿ ಚೆಲ್ಲೊ ಕಲಿತಿದ್ದ ಬ್ರೂಸ್‌ನ ಕಟ್ಟೋಣ ಗಟ್ಟಿ: 'ವೈಟ್ ರೂಂ' ಶುರುವಾಗುವುದೇ ಐದೆಣಿಕೆಯ ಲಯದಲ್ಲಿ, ಖಂಡ ಚಾಪು ಕೇಳಿ ಬೆಳೆದವರ ಬೆರಳು ತಾನಾಗಿ ಲೆಕ್ಕ ಹಾಕುತ್ತದೆ. ಆದರೆ ಮೂವರೂ ಒಬ್ಬರ ಮೇಲೊಬ್ಬರು ಬಿದ್ದು ನುಡಿಸುವ ಆ ಜಿದ್ದಾಜಿದ್ದಿ ಅಕೌಸ್ಟಿಕ್‌ನಲ್ಲಿ ಸಿಗುವಂಥದ್ದಲ್ಲ. ಅದು ಬೇಕೆನ್ನುವವರು 1968ರ ಮಾರ್ಚ್ 10ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ ಮುದ್ರಿಸಿಕೊಂಡ 'ಕ್ರಾಸ್‌ರೋಡ್ಸ್' ಅನ್ನೇ, ವಾಲ್ಯೂಮ್ ಏರಿಸಿ ಕೇಳಬೇಕು.